ಸೂಜಿ ಭಾವ ಮತ್ತು ಕಾರಂಜಿಯ ತಿರುವು

ನನ್ನ ಅಕ್ಕನ ಗಂಡನಿಗೆ ಡಿಪೋದಲ್ಲಿ ಸೂಜಿ ಎಂದೇ ಹೆಸರು. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ, ಅವರ ಹೊಟ್ಟೆ ಸ್ಟೀರಿಂಗಿಗೆ ತಗಲುತ್ತದೆ. ಬಾಯಿ ಬಿಟ್ಟರೆ ಸ್ಪೀಡೋಮೀಟರಿನ ಸೂಜಿಯ ಮಾತು, ಹಾಗಾಗಿ ಆ ಹೆಸರು ಅಂಟಿತು. ನಾನು 'ಅವರು' ಎಂದು ಬರೆಯುತ್ತಿರುವುದೂ ಅಕ್ಕನ ಮುಖ ನೋಡಿಯೇ ಹೊರತು ಅವರ ಮುಖ ನೋಡಿ ಅಲ್ಲ. ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ಅವರು ಡ್ರೈವರು, ನಾನು ಕಂಡಕ್ಟರು. ಅಷ್ಟು ಕಾಲ ಒಬ್ಬ ಮನುಷ್ಯನ ಬೆನ್ನನ್ನೇ ನೋಡುತ್ತ ನಿಂತರೆ ಅವನ ಮೇಲೆ ಎಷ್ಟು ಗೌರವ ಉಳಿದೀತು, ನೀವೇ ಲೆಕ್ಕ ಹಾಕಿಕೊಳ್ಳಿ.

ಭಾವನ ಹೆಮ್ಮೆಯೆಲ್ಲ ಒಂದೇ ವಿಷಯದಲ್ಲಿ. ಅವರು ಓಡಿಸುವ ಬಸ್ಸು ಎಂದೂ ಕುಲುಕುವುದಿಲ್ಲವಂತೆ. ಬಸ್ ನಿಲ್ದಾಣ ಬಿಟ್ಟ ಮೇಲೆ ಸೂಜಿಯನ್ನು ಮೂವತ್ತಕ್ಕೆ ತರುವುದು, ಮುಂದಿನ ನಿಲ್ದಾಣದವರೆಗೆ ಅಲ್ಲಿಂದ ಅಲ್ಲಾಡದಂತೆ ಹಿಡಿಯುವುದು, ಇಷ್ಟನ್ನೇ ಅವರು ಡ್ರೈವಿಂಗ್ ಎನ್ನುತ್ತಾರೆ. ಅಂಗಿಯ ಜೇಬಿನ ಮೇಲೆ ಅಪಘಾತರಹಿತ ಸೇವೆಯ ಬ್ಯಾಡ್ಜು. ಅದನ್ನು ಅವರು ದಿನಾ ಬೆಳಗ್ಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಾರೆ. ಅಷ್ಟು ಶ್ರದ್ಧೆ ಹಲ್ಲಿನ ಮೇಲೆ ಇದ್ದಿದ್ದರೆ ಅಕ್ಕನಿಗಾದರೂ ಉಪಕಾರವಾಗುತ್ತಿತ್ತು.

ಅವರ ಮುಂದಿನ ಕನ್ನಡಿಗೆ ದಾರ ಕಟ್ಟಿ ಒಂದು ಮರದ ಗಿಣಿಯನ್ನು ನೇತುಹಾಕಿದ್ದರು. ಹೊಸದಾಗಿ ಬಂದ ಡ್ರೈವರುಗಳನ್ನು ಹತ್ತಿಸಿಕೊಂಡು, "ನೋಡ್ರಪ್ಪಾ, ಗಿಣಿ ಹಿಂದೆ ಬಂತಾ? ಮುಂದೆ ಹೋಯ್ತಾ? ಇಲ್ಲ ತಾನೆ? ಸೂಜಿ ನಿಂತರೆ ಗಿಣಿನೂ ನಿಲ್ಲುತ್ತೆ" ಎಂದು ಪಾಠ ಹೇಳುತ್ತಿದ್ದರು. ನೇರ ರಸ್ತೆಯಲ್ಲಿ ಆ ಮಾತು ಸುಳ್ಳಲ್ಲ. ಆದರೆ ನಮ್ಮ ದಾರಿಯಲ್ಲಿ ಒಂದು ದೊಡ್ಡ ವೃತ್ತವಿದೆ, ನಡುವೆ ನೀರು ಬತ್ತಿದ ಕಾರಂಜಿ. ಅದನ್ನು ಮುಕ್ಕಾಲು ಸುತ್ತು ಹಾಕಿ ಮಾರುಕಟ್ಟೆ ರಸ್ತೆಗೆ ಇಳಿಯಬೇಕು. ಆ ಸುತ್ತಿನುದ್ದಕ್ಕೂ ಗಿಣಿ ಕಾರಂಜಿಯಿಂದ ಆಚೆ ಬಾಗಿಲ ಕಡೆಗೆ ವಾಲಿಕೊಂಡೇ ಇರುತ್ತಿತ್ತು. ಕೇಳಿದರೆ, "ಕಿಟಕಿ ಗಾಳಿ ಕಣೋ" ಎನ್ನುತ್ತಿದ್ದರು. ಕಿಟಕಿ ಮುಚ್ಚಿದ್ದ ದಿನವೂ ಗಾಳಿಯೇ. ಕಣ್ಣೆದುರು ನೇತಾಡುವ ಸತ್ಯವನ್ನು ಹದಿನೆಂಟು ವರ್ಷ ಗಾಳಿಗೆ ಬಿಟ್ಟವರು ಅವರು.

ವೃತ್ತದಲ್ಲೂ ಅವರು ಸೂಜಿಯನ್ನು ಇಳಿಸುತ್ತಿರಲಿಲ್ಲ. ಬೇರೆ ಡ್ರೈವರುಗಳು ಹದಿನೈದಕ್ಕೆ ಇಳಿಸಿ ಸುತ್ತುತ್ತಿದ್ದರು. ಭಾವನಿಗೆ ಅದು ಹೇಡಿಗಳ ಕೆಲಸ. "ಬ್ರೇಕ್ ಒತ್ತಿದರೆ ಕುಲುಕು, ಆಕ್ಸಿಲರೇಟರ್ ಒತ್ತಿದರೆ ಕುಲುಕು. ಎರಡೂ ಮುಟ್ಟದಿದ್ದರೆ ಕುಲುಕು ಎಲ್ಲಿಂದ ಬರುತ್ತೆ?" ಸೀಟಿನಲ್ಲಿ ಗಟ್ಟಿಯಾಗಿ ಕೂತು ಸ್ಟೀರಿಂಗ್ ತಬ್ಬಿಕೊಂಡವನಿಗೆ ಈ ಮಾತು ಸುಲಭ.

ಆ ದಿನ ಬೆಳಗ್ಗೆ ಎಂಟೂವರೆಗೆ ಬಸ್ಸು ತುಂಬಿತ್ತು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ಗುಂಡಿ ತೂತಿಗೆ ಕಾಜಾ ಹೊಲಿಯುವ ಹೆಂಗಸೊಬ್ಬಳು ಮುಂಬಾಗಿಲ ಹತ್ತಿರ ಮೇಲಿನ ಸರಳು ಹಿಡಿದು ನಿಂತಿದ್ದಳು. ನಾನು ಪಾಸ್ ತೋರಿಸಿ ಎಂದೆ. ಆಕೆ ಸರಳು ಬಿಟ್ಟು, ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯನ್ನು ಅದರೊಳಗೆ ಹಾಕಿದಳು. ಅಷ್ಟರಲ್ಲಿ ಬಸ್ಸು ವೃತ್ತಕ್ಕೆ ತಿರುಗಿತು. ಆಕೆ ಬಾಗಿಲಿನ ಮೆಟ್ಟಿಲ ಮೇಲೆ ಬಿದ್ದಳು, ಬಲ ಮಣಿಕಟ್ಟು ಮುರಿಯಿತು.

ಸುರಕ್ಷತಾ ವಿಭಾಗದಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಡಿಪೋದ ಮೇಲಿನ ಕೋಣೆ, ಒಂದು ಮೇಜು, ಎರಡು ಕಬ್ಬಿಣದ ಬೀರು, ತಿರುಗುವಾಗ ಕಿರುಗುಟ್ಟುವ ಫ್ಯಾನು. ಸಾಹೇಬರು ಬಸ್ಸಿನ ವೇಗ ದಾಖಲಿಸುವ ಪೆಟ್ಟಿಗೆಯಿಂದ ತೆಗೆದ ಕಾಗದವನ್ನು ಮೇಜಿನ ಮೇಲೆ ಹರಡಿದರು. ವೃತ್ತದ ಉದ್ದಕ್ಕೂ ಗೆರೆ ಮೂವತ್ತರಲ್ಲೇ ನೆಟ್ಟಗಿತ್ತು. ಭಾವನ ಮುಖ ನೋಡಬೇಕಿತ್ತು ನೀವು. ಆ ಗೆರೆಯನ್ನು ತಾವೇ ಹೆತ್ತವರ ಹಾಗೆ ನೋಡುತ್ತಿದ್ದರು.

"ವೇಗ ಬದಲಾಗಿಲ್ಲ" ಎಂದರು ಸಾಹೇಬರು. "ವೇಗ ಬದಲಾಗದಿದ್ದರೆ ವೇಗೋತ್ಕರ್ಷ ಇಲ್ಲ. ವೇಗೋತ್ಕರ್ಷ ಇಲ್ಲ ಅಂದರೆ ಎಳೆತ ಇಲ್ಲ. ಎಳೆತ ಇಲ್ಲ ಅಂದಮೇಲೆ ಪ್ರಯಾಣಿಕರು ಬಿದ್ದದ್ದು ಅವರದೇ ಅಜಾಗರೂಕತೆಯಿಂದ." ಡಿಪ್ಲೊಮಾ ಓದಿದವರು. ಅಷ್ಟು ಓದಿ ಅಷ್ಟು ನೆಟ್ಟಗೆ ತಪ್ಪು ಹೇಳುವುದಕ್ಕೂ ಒಂದು ಸಾಮರ್ಥ್ಯ ಬೇಕು.

ಕಾಜಾ ಹೊಲಿಯುವಾಕೆ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಕೆಗೆ ಬೇಕಾಗಿದ್ದದ್ದು ಒಂದು ಕಾಗದ. ಗಾಯ ಸ್ವಂತ ತಪ್ಪಿನಿಂದ ಆದದ್ದಲ್ಲ ಎಂದು ಬರೆದುಕೊಟ್ಟರೆ ಕಾರ್ಖಾನೆ ಕೈ ಕೂಡುವ ತನಕ ಹಗುರ ಕೆಲಸ ಕೊಡುತ್ತದೆ. ಇಲ್ಲದಿದ್ದರೆ ಆಕೆಯ ಮಷೀನಿನ ಮುಂದೆ ಸೋಮವಾರದಿಂದ ಬೇರೆಯವಳು ಕೂರುತ್ತಾಳೆ. ಆಕೆ ಇದನ್ನು ಅಳದೆ, ದನಿ ಏರಿಸದೆ ಹೇಳಿದಳು.

"ನಿಮ್ಮನ್ನ ಯಾರಾದರೂ ತಳ್ಳಿದರಾ?" ಎಂದು ಸಾಹೇಬರು ಕೇಳಿದರು.

"ಯಾರೂ ತಳ್ಳಲಿಲ್ಲ ಸಾರ್. ನಾನು ನೇರ ಹೋಗ್ತಾ ಇದ್ದೆ. ಬಸ್ಸೇ ನನ್ನ ಕಾಲ ಕೆಳಗಿಂದ ಕಾರಂಜಿ ಕಡೆಗೆ ಸರಿದುಹೋಯ್ತು."

ಸಾಹೇಬರು ನಕ್ಕರು. ಭಾವನೂ ನಕ್ಕರು. ಅಕ್ಕನ ಮನೆಯಲ್ಲಿ ನಾಳೆಯೂ ಊಟಕ್ಕೆ ಕೂರಬೇಕಲ್ಲ ಎಂದು ನಾನೂ ಹಲ್ಲು ಬಿಟ್ಟೆ. ಆಮೇಲೆ 'ಪ್ರಯಾಣಿಕರು ಏನನ್ನೂ ಹಿಡಿಯದೆ ನಿಂತಿದ್ದರು' ಎಂಬ ಹೇಳಿಕೆಯ ಕೆಳಗೆ ಸಹಿ ಹಾಕಿದೆ. ಮಾತು ಸುಳ್ಳಾಗಿರಲಿಲ್ಲ.

ಕೆಲಸ ಕೆಟ್ಟಿದ್ದು ಕೋಣೆಯಿಂದ ಇಳಿದ ಮೇಲೆ, ಮಹಡಿ ಮೆಟ್ಟಿಲ ಬುಡದಲ್ಲಿ. ಡಿಪೋದ ಹಿರಿಯ ಮೆಕ್ಯಾನಿಕ್ ಅಲ್ಲಿ ಟೈರು ಬಿಚ್ಚುತ್ತಿದ್ದರು. ನಿವೃತ್ತಿಗೆ ಎರಡು ತಿಂಗಳಿದ್ದ ಮನುಷ್ಯ, ಯಾರಿಗೂ ಹೆದರಬೇಕಾಗಿರಲಿಲ್ಲ. ಭಾವ ಅವರ ಮುಂದೆಯೂ ಗೆರೆಯ ವರ್ಣನೆ ಶುರು ಮಾಡಿದರು. ಮೆಕ್ಯಾನಿಕ್ ಟೈರನ್ನು ಅವರ ಕಾಲ ಬುಡಕ್ಕೆ ಉರುಳಿಸಿದರು.

"ನಿನ್ನ ಬಸ್ಸಿಂದು, ನಿನ್ನೆ ಬದಲಾಯಿಸಿದ್ದು. ಅಂಚು ನೋಡು, ಇಲಿ ತಿಂದ ಹಾಗಾಗಿದೆ. ಮೂವತ್ತರಲ್ಲೇ ಹೋಗೋ ಬಸ್ಸಿಗೆ ಅಂಚು ಯಾಕೆ ಸವೀತದೆ?"

"ಟೈರು ಕಳಪೆ" ಎಂದರು ಭಾವ.

"ಹದಿನೆಂಟು ವರ್ಷದಿಂದ ನಿನಗೆ ಸಿಕ್ಕಿದ ಟೈರೆಲ್ಲಾ ಕಳಪೆ, ಗಾಳಿಯೆಲ್ಲಾ ಜೋರು. ಕೇಳು. ಬಸ್ಸಿಗೆ ಬಿಟ್ಟರೆ ನೇರ ಹೋಗೋದಷ್ಟೇ ಗೊತ್ತು. ಸುತ್ತು ಹಾಕಬೇಕಾದರೆ ಪ್ರತಿ ಕ್ಷಣವೂ ಅದನ್ನ ನೇರ ದಾರಿಯಿಂದ ಕಾರಂಜಿ ಕಡೆಗೆ ಎಳೀತಾನೇ ಇರಬೇಕು. ಎಳೆಯೋದು ರಸ್ತೆ, ಟೈರಿನ ಅಂಚು ಹಿಡಿದು. ಎಣ್ಣೆ ಚೆಲ್ಲಿದ್ದರೆ ಆ ಹಿಡಿತ ಹೋಗ್ತದೆ, ಬಸ್ಸು ಮೂತಿ ನೆಟ್ಟ ಕಡೆಗೆ ನೇರ ಹೋಗಿ ಅಂಗಡಿಗೆ ನುಗ್ತದೆ. ನಿನ್ನ ಸೂಜಿಗೆ ಎಷ್ಟು ಅನ್ನೋದು ಗೊತ್ತು. ಎತ್ತ ಅನ್ನೋದು ಗೊತ್ತಿಲ್ಲ. ಎತ್ತ ಅನ್ನೋದು ಬದಲಾದರೂ ಬದಲಾವಣೆಯೇ."

ಭಾವನ ಕಿವಿ ಕೆಂಪಾಯಿತು. ಹೆಮ್ಮೆಗೆ ಪೆಟ್ಟು ಬಿದ್ದರೆ ಅವರಿಗೆ ಬುದ್ಧಿ ಕೆಲಸ ಮಾಡುವುದಿಲ್ಲ, ಬೀಳದಿದ್ದಾಗಲೂ ಅಷ್ಟಕ್ಕಷ್ಟೇ. ಮಹಡಿಯಿಂದ ಇಳಿದು ಬರುತ್ತಿದ್ದ ಸಾಹೇಬರಿಗೂ ಆ ಹೆಂಗಸಿಗೂ ಕೇಳುವ ಹಾಗೆ ಅವರು ಮೆಕ್ಯಾನಿಕ್ಕಿಗೆ ಹೇಳಿಬಿಟ್ಟರು: "ಈಗಲೇ ಬಸ್ಸು ತೆಗೀರಿ. ನೀವೇ ಓಡಿಸಿ, ಸೂಜಿ ಮೂವತ್ತು. ನಾನು ಕೈಕಟ್ಟಿಕೊಂಡು ನಿಲ್ತೀನಿ. ಎಳ್ಳಷ್ಟು ಅಲ್ಲಾಡಿದರೂ ಈ ಬ್ಯಾಡ್ಜು ನಿಮಗೆ."

ಹೊರಟೆವು. ಸಾಹೇಬರು ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತರು. ಹೆಂಗಸು ಅವರ ಹಿಂದೆ. ಬಾಗಿಲ ಹತ್ತಿರ, ಆಕೆ ಅಂದು ನಿಂತಿದ್ದ ಜಾಗದಲ್ಲೇ ಭಾವ ಎದೆಯ ಮೇಲೆ ಕೈ ಕಟ್ಟಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ನಿಂತರು. ನೇರ ರಸ್ತೆಯಲ್ಲಿ ಒಂದು ಕೂದಲೂ ಅಲ್ಲಾಡಲಿಲ್ಲ. "ನೋಡಿದಿರಾ ಸಾರ್" ಎನ್ನುತ್ತಲೇ ಇದ್ದರು. ಸೂಜಿ ಮೂವತ್ತರಲ್ಲಿತ್ತು, ಮೆಕ್ಯಾನಿಕ್ ಬ್ರೇಕನ್ನಾಗಲಿ ಆಕ್ಸಿಲರೇಟರನ್ನಾಗಲಿ ಮುಟ್ಟಿ ಕೆಣಕಲಿಲ್ಲ. ಸ್ಟೀರಿಂಗ್ ಮಾತ್ರ ತಿರುಗಿಸಿದರು.

ಗಿಣಿ ಬಾಗಿಲ ಕಡೆಗೆ ವಾಲಿತು. ಭಾವನೂ ವಾಲಿದರು. ಗಿಣಿಯನ್ನು ಒಳಕ್ಕೆ ಎಳೆದುಕೊಳ್ಳಲು ದಾರವಿತ್ತು, ಭಾವನಿಗೆ ಏನೂ ಇರಲಿಲ್ಲ. ಎರಡು ಹೆಜ್ಜೆ ತಡವರಿಸಿ ಸಾಹೇಬರ ಮಡಿಲಿಗೇ ಹೋಗಿ ಕೂತರು. ಫೈಲಿನ ಕಾಗದಗಳು ಬಸ್ಸಿನ ತುಂಬ ಹಾರಾಡಿದವು.

"ತಿರುಗಿಸೋಕೆ ಬರಲ್ಲ ನಿಮಗೆ" ಎಂದು ಭಾವ ಅಲ್ಲಿಂದಲೇ ಅರಚಿದರು.

ಮೆಕ್ಯಾನಿಕ್ ಬಸ್ಸು ನಿಲ್ಲಿಸಿ, ಪೆಟ್ಟಿಗೆಯ ಕಾಗದ ಹರಿದು ಸಾಹೇಬರ ಕೈಗೆ ಕೊಟ್ಟರು. ಗೆರೆ ಮೂವತ್ತರಲ್ಲೇ ನೆಟ್ಟಗಿತ್ತು. "ಬರೀರಿ ಸಾರ್" ಎಂದರು. "ವೇಗ ಬದಲಾಗಿಲ್ಲ. ಡ್ರೈವರು ಸಾಹೇಬರ ಮಡಿಲಿಗೆ ಬಿದ್ದದ್ದು ತನ್ನದೇ ಅಜಾಗರೂಕತೆಯಿಂದ."

ಸಾಹೇಬರು ಕನ್ನಡಕ ಒರೆಸಿದರು. ಗೆರೆಯನ್ನು ನೋಡಿದರು, ಗಿಣಿಯನ್ನು ನೋಡಿದರು, ತಮ್ಮ ಪ್ಯಾಂಟಿನ ಇಸ್ತ್ರಿ ಹಾಳಾದದ್ದನ್ನು ನೋಡಿಕೊಂಡರು. ಓದಿದ್ದೆಲ್ಲ ಆಗ ನೆನಪಿಗೆ ಬಂದಿರಬೇಕು. "ವೃತ್ತದಲ್ಲಿ ದಿಕ್ಕು ಬದಲಾಗುತ್ತೆ, ಹಾಗಾಗಿ ಕೇಂದ್ರದ ಕಡೆಗೆ ವೇಗೋತ್ಕರ್ಷ ಇದ್ದೇ ಇರುತ್ತೆ" ಎಂದು ಮೊದಲಿಂದಲೂ ಅದನ್ನೇ ಹೇಳುತ್ತಿದ್ದವರ ಧಾಟಿಯಲ್ಲಿ ಗೊಣಗಿದರು. ಎಂಥ ನಾಚಿಕೆಗೆಟ್ಟ ಜನ ಎಂದುಕೊಂಡೆ.

ಭಾವ ಒಂದು ಸೀಟಿನಲ್ಲಿ ಕೂತು ಗಿಣಿಯನ್ನೇ ನೋಡುತ್ತಿದ್ದರು. ಅದು ಈಗ ನೆಟ್ಟಗೆ ನೇತಾಡುತ್ತಿತ್ತು. "ಆಯಮ್ಮ ಹೇಳಿದ್ದೇ ಸರಿ. ನನಗೂ ಹಾಗೇ ಆಯ್ತು. ಯಾರೂ ತಳ್ಳಲಿಲ್ಲ, ಬಸ್ಸೇ ಕೆಳಗಿಂದ ಸರೀತು" ಎಂದರು. ಬ್ಯಾಡ್ಜು ಬಿಚ್ಚಿ ಸೀಟಿನ ಮೇಲಿಟ್ಟರು. "ಬರ್ಕೊಳ್ಳಿ ಸಾರ್. ತಿರುವಲ್ಲಿ ನಾನು ಸ್ಪೀಡು ಇಳಿಸಬೇಕಿತ್ತು." ಅವರಿಂದ ಅಂಥ ಮಾತು ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸಾಹೇಬರು ಹೊಸ ಹಾಳೆಯಲ್ಲಿ ಬರೆಯತೊಡಗಿದರು. ಅರ್ಧದಲ್ಲಿ ಪೆನ್ನು ನಿಲ್ಲಿಸಿದರು. "ಆದರೆ ಇವರು ಏನೂ ಹಿಡಿದಿರಲಿಲ್ಲ ಅಂತ ಕಂಡಕ್ಟರ ಹೇಳಿಕೆ ಇದೆಯಲ್ಲ. ಅದು ಇರೋವರೆಗೆ ಅರ್ಧ ತಪ್ಪು ಇವರದ್ದೇ ಆಗುತ್ತೆ. ಕಾರ್ಖಾನೆಯವರು ಒಪ್ಪಲ್ಲ."

ಹೆಂಗಸು ಆಗ ನನ್ನ ಕಡೆ ತಿರುಗಿದಳು. ಅದುವರೆಗೆ ಆಕೆ ನನ್ನನ್ನು ಒಮ್ಮೆಯೂ ನೇರ ನೋಡಿರಲಿಲ್ಲ. ಕಣ್ಣಲ್ಲಿ ಕೋಪವಿರಲಿಲ್ಲ, ತಿಳಿದುಕೊಳ್ಳುವ ಆಸೆ ಮಾತ್ರ ಇದ್ದಂತಿತ್ತು.

"ಕಂಡಕ್ಟ್ರೇ, ಒಂದು ಕೇಳ್ತೀನಿ. ಆವತ್ತು ಪಾಸ್ ತೋರಿಸಿ ಅಂದಾಗ ನೀವು ಈ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ರಿ. ಇವತ್ತೂ ತಿರುವು ಬರೋಕೆ ಮುಂಚೇನೇ ಬಂದು ಒರಗಿದ್ರಿ. ಯಾಕೆ?"

ನಾನು ಆಗಲೂ ಅದಕ್ಕೆ ಒರಗಿಕೊಂಡೇ ಇದ್ದೆ. ಬಾಗಿಲ ಪಕ್ಕದ ಕಂಬ, ನನ್ನ ಬೆನ್ನಿನ ಕಡೆ ಬಣ್ಣ ಸವೆದು ಹೊಳೆಯುತ್ತಿತ್ತು. ದಿನಕ್ಕೆ ಹನ್ನೆರಡು ಸುತ್ತು, ಹದಿನೆಂಟು ವರ್ಷ. ಪ್ರತಿ ಸಲವೂ ಕಾರಂಜಿ ಕಾಣುತ್ತಿದ್ದಂತೆ ನಾನು ಆ ಕಂಬ ಹುಡುಕಿ ಬೆನ್ನು ಕೊಡುತ್ತಿದ್ದೆ, ಅದು ನನ್ನನ್ನು ಒಳಕ್ಕೆ ತಳ್ಳಿಕೊಂಡು ಸುತ್ತು ಹಾಕಿಸುತ್ತಿತ್ತು. ಭಾವನಿಗೆ ಗೊತ್ತಿರಲಿಲ್ಲ, ಅವರು ಕೂತವರು. ಸಾಹೇಬರು ಮರೆತಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಬೆನ್ನನ್ನು ಭದ್ರ ಮಾಡಿಕೊಂಡು, ಆಕೆಯ ಎರಡೂ ಕೈ ಬಿಡಿಸಿದ್ದೆ.

ಸಾಹೇಬರ ಕೈಯಿಂದ ಫೈಲು ತೆಗೆದುಕೊಂಡು ನನ್ನ ಹಳೆಯ ಸಹಿಯ ಮೇಲೆ ಗೀಟು ಎಳೆದೆ. ಕೆಳಗೆ ಬರೆದೆ: 'ಈಕೆ ಸರಳು ಹಿಡಿದೇ ನಿಂತಿದ್ದರು. ತಿರುವಿನ ಬಾಯಲ್ಲಿ ಪಾಸ್ ಕೇಳಿ ಕೈ ಬಿಡಿಸಿದವನು ನಾನು. ಅಲ್ಲಿ ನಿಂತವರು ಬೀಳುತ್ತಾರೆಂದು ನನಗೆ ಗೊತ್ತಿತ್ತು.'

ಸಾಹೇಬರು ಅದನ್ನು ನೋಡಿ ತಮ್ಮ ಹಾಳೆ ಮುಗಿಸಿ, ಸಹಿ ಹಾಕಿ ಹೆಂಗಸಿಗೆ ಕೊಟ್ಟರು. ಆಕೆ ಎಡಗೈಯಿಂದ ಕಾಗದ ಹಿಡಿದು ಎರಡು ಸಲ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡಳು. ನಾನು ಬರೆದದ್ದನ್ನು ಭಾವನೂ ಓದಿದ್ದರು. ನನ್ನ ಮುಖವನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿಕೊಂಡರು. ಹದಿನೆಂಟು ವರ್ಷ ನಾನು ಅವರ ಬೆನ್ನಿನ ಹಿಂದೆ ನಿಂತು ಅವರನ್ನು ನೋಡಿದ್ದು ಅದೇ ನೋಟದಿಂದ.