ಶೂಟಿಂಗಿಗಾಗಿ ಸತ್ತ ಕಾಕಾ

ಹೋದ ಸೋಮವಾರ ಸುರಪುರದ ನಮ್ಮ ಶಾಲೆಯ ಮುಂದೆ ಒಂದು ಹೆಣದ ಮೆರವಣಿಗೆ ಹೋಯಿತು. ನಾನು ಎಂಟನೇ ತರಗತಿಗೆ ಪಾಠ ಮಾಡುತ್ತಿದ್ದೆ. ಹೆಣದ ಮುಂದೆ ಬಡಿಯುವ ಹಲಗೆಯ ಸದ್ದು ದೂರವಾದ ಮೇಲೂ ಬುಕ್ಕಿಟ್ಟಿನ ವಾಸನೆ ಕಿಟಕಿಯಿಂದ ಒಳಗೆ ಬಂದು ಕೂತುಬಿಟ್ಟಿತು. ಬುಕ್ಕಿಟ್ಟು ಗೊತ್ತಲ್ಲ, ಜಾತ್ರೆಯಲ್ಲೂ ಎರಚುತ್ತಾರೆ, ಹೆಣದ ಮೇಲೂ ಎರಚುತ್ತಾರೆ, ಆ ಘಮಘಮ ಪುಡಿ. ಉಳಿದವರಿಗೆ ಅದು ದೇವರ ವಾಸನೆ. ನನಗೆ ಮಾತ್ರ ಅದು ಜೀವಂತ ಮನುಷ್ಯರೊಬ್ಬರ ಕೊರಳ ಬೆವರಿನ ಜೊತೆ ಬೆರೆತ ವಾಸನೆ... ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯ ಸರಳು ಹಿಡಿದು ನಿಂತೆ. ಮಕ್ಕಳು ಟೀಚರಿಗೆ ತಲೆ ತಿರುಗಿತೆಂದುಕೊಂಡರು.

ನಾವು ಡಿಗ್ರಿ ಓದುವಾಗ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಅವರ ಅಂಗಡಿ ಇತ್ತು. ವಿಭೂತಿ ಗಟ್ಟಿ, ಕರ್ಪೂರ, ಊದುಬತ್ತಿ, ತೆಂಗಿನಕಾಯಿ, ಬಿಳಿ ಬಟ್ಟೆ. ಮದುವೆಗೂ ಅಲ್ಲೇ, ಸಾವಿಗೂ ಅಲ್ಲೇ. ಊರಿಗೆಲ್ಲ ಅವರು ಕಾಕಾ. ಯಾರು ಬಂದರೂ ಮೊದಲು ಒಂದೇ ಪ್ರಶ್ನೆ: "ಚಲೋದಕ್ಕೋ, ಕೆಟ್ಟದ್ದಕ್ಕೋ?" ಚಲೋದಕ್ಕಾದರೆ ಸಾಮಾನು ಕೊಟ್ಟು "ಹೋಗಿ ಬರ್ರಿ" ಅನ್ನುವರು. ಕೆಟ್ಟದ್ದಕ್ಕಾದರೆ ಕೊಟ್ಟು ಮುಖ ತಿರುಗಿಸುವರು. ಸಾವಿನ ಸಾಮಾನು ಒಯ್ಯುವವರಿಗೆ ಬರ್ರಿ ಅನ್ನಬಾರದಂತೆ.

ಕೊನೆಯ ವರ್ಷ ನಾವು ಮೂವರು ಗೆಳೆಯರು ಸೇರಿ ಒಂದು ಹಾಡಿನ ವಿಡಿಯೋ ಮಾಡಲು ಹೊರಟೆವು. ಅಂತರ ಕಾಲೇಜು ಸ್ಪರ್ಧೆ ಇತ್ತು. ಅಪ್ಪನನ್ನು ಮಣ್ಣು ಮಾಡುವ ದಿನ ಮಗಳು ಹಾಡುವ ಹಾಡು. ಬರೆದವಳು ನನ್ನ ರೂಮಿನವಳು, ಹಾಡಿದವಳು ಮತ್ತು ಮಗಳ ಪಾತ್ರದವಳು ನಾನು, ಕ್ಯಾಮೆರಾ ತಂದವನು ಶಹಾಪುರದ ಹುಡುಗ. ಆ ವಯಸ್ಸಿನಲ್ಲಿ ನಮಗೆ ಸಾವೆಂದರೆ ಒಂದು ಒಳ್ಳೆಯ ಶಾಟ್. ನಮ್ಮ ಕಡೆ ಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಹೂವಿನಲ್ಲಿ ಮುಚ್ಚಿ, ಮುಂದೆ ಭಜನೆ ಮಾಡುತ್ತಾರೆ. ಅದನ್ನೇ ತೆಗೆಯಬೇಕೆಂದು ಕ್ಯಾಮೆರಾದವನ ಹಟ. ಆದರೆ ಹಾಗೆ ಕೂರಲು ಯಾರೂ ಒಪ್ಪಲಿಲ್ಲ. ಮನೆಯಲ್ಲಿ ಕೇಳಿದ್ದಕ್ಕೆ ನನ್ನ ಸೋದರಮಾವ ಚಪ್ಪಲಿ ಹುಡುಕಿದರು.

ವಿಭೂತಿ, ಬುಕ್ಕಿಟ್ಟು ಕೊಳ್ಳಲು ಹೋದಾಗ ಕಾಕಾ ಎಂದಿನಂತೆ ಕೇಳಿದರು. ಶೂಟಿಂಗಿಗೆ ಅಂದೆವು. ಎಲ್ಲ ಕೇಳಿಸಿಕೊಂಡು, "ಹೆಣ ಯಾರು?" ಅಂದರು. ಯಾರೂ ಸಿಕ್ಕಿಲ್ಲ ಅಂದೆ. ಅವರು ತಕ್ಕಡಿಯನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ರಸ್ತೆ ನೋಡಿದರು. ಆಮೇಲೆ ಮೆಲ್ಲಗೆ, "ನಾ ಕುಂದರ್ತೀನಿ. ಆದ್ರ ನಮ್ಮ ಊರ ಮನ್ಯಾಗ ತಗೀಬೇಕು," ಅಂದರು. ನಾವು ಕುಣಿದಾಡಿದೆವು. ಹೊರಡುವಾಗ ಹೋಗಿ ಬರ್ರಿ ಅಂದರೋ ಇಲ್ಲವೋ... ನೆನಪಿಲ್ಲ. ಬಹುಶಃ ಅನ್ನಲಿಲ್ಲ.

ಅವರ ಊರು ರಾಮಸಮುದ್ರದಾಚೆ. ಮನೆಗೆ ಬೀಗ ಹಾಕಿತ್ತು, ಒಳಗೆ ಹತ್ತಿ ತುಂಬಿದ್ದರು. ಆ ಮನೆಯ ಕಥೆ ಅಂಗಡಿಗೆ ಬರುವವರಿಗೆಲ್ಲ ಗೊತ್ತಿತ್ತು. ಕಾಕಾನ ತಾಯಿ ತೀರಿಕೊಂಡಾಗ ಅವರ ತಮ್ಮ ಹೈದರಾಬಾದಿನಲ್ಲಿ ಕೆಲಸಕ್ಕಿದ್ದರು. ಸುದ್ದಿ ಮುಟ್ಟಿದ ಕೂಡಲೇ ಹೊರಟರು, ರೈಲು ತಡವಾಯಿತು. ಇಲ್ಲಿ ಕೆಂಡದಂಥ ಬಿಸಿಲು. ಇನ್ನು ಇಡಬಾರದು ಎಂದರು ಹಿರಿಯರು, ಕಾಕಾ ಹೂಂ ಅಂದರು. ಹೊಲದ ದಾರಿಯಲ್ಲಿ ತಮ್ಮ ಓಡುತ್ತ ಬಂದಾಗ ತಾಯಿಯನ್ನು ಕೂರಿಸಿದ ಕುಣಿ ಮುಚ್ಚಿ ಆಗಿತ್ತು. ನಮ್ಮಲ್ಲಿ ಸಾವಿಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಅನ್ನುತ್ತಾರೆ. ಹೋದವರಿಗೆ ಒಂದು ಹಿಡಿ ಮಣ್ಣು ಕೊಟ್ಟು ಬಂದರೆ ಮನಸ್ಸು ತಣ್ಣಗಾಗುತ್ತದೆ. ಹೆತ್ತ ತಾಯಿಗೆ ಆ ಒಂದು ಹಿಡಿ ಕೊಡಲು ತಮ್ಮನಿಗೆ ಆಗಲಿಲ್ಲ. ಅವತ್ತೇ ಊರು ಬಿಟ್ಟು ವಡಗೇರಾದ ಹೆಂಡತಿಯ ಮನೆ ಸೇರಿದರು. ಆಮೇಲೆ ಅಣ್ಣನ ಅಂಗಡಿಯ ಮುಂದೆ ಹಾದರೂ ಕತ್ತು ತಿರುಗಿಸುತ್ತಿರಲಿಲ್ಲ.

ಶೂಟಿಂಗಿನ ದಿನ ಬೆಳಿಗ್ಗೆ ಪಡಸಾಲೆ ಗುಡಿಸಿದೆವು. ಊರ ಭಜನೆಯವರು ತಾಳ, ದಮ್ಮಡಿ ಹಿಡಿದು ಬಂದರು. ಆದರೆ ಅವರು ಹಾಡುವುದಿಲ್ಲ ಅಂದುಬಿಟ್ಟರು. "ಉಸರಾಡೋ ಮನಶ್ಯಾನ ಮುಂದ ಆ ಪದ ಹಾಡಂಗಿಲ್ರಿ." ಎಷ್ಟು ಬೇಡಿದರೂ ಇಲ್ಲ. ಕೊನೆಗೆ ಬಾಯಿ ಮಾತ್ರ ಆಡಿಸುತ್ತೇವೆ, ತಾಳ ಬಡಿದಂತೆ ಮಾಡುತ್ತೇವೆ ಎಂದು ಒಪ್ಪಿದರು. ಅದೊಂದು ಭಯಂಕರ ನೋಟ. ಸ್ಪೀಕರಿನಲ್ಲಿ ನನ್ನ ದನಿ, ಎದುರಿಗೆ ಸಾಲಾಗಿ ಕೂತ ಗಂಡಸರ ಬಾಯಿ ತೆರೆದು ಮುಚ್ಚುತ್ತಿದೆ, ತಾಳ ತಾಳಕ್ಕೆ ತಾಗುತ್ತಿಲ್ಲ. ಪಕ್ಕದ ಮನೆಯ ಹೆಂಗಸರು ಬಾಗಿಲ ಸಂದಿಯಿಂದ ನೋಡಿ ಒಳಗೆ ಹೋದರು. ಚಹಾ ತರುತ್ತೇವೆ ಎಂದವರು ತರಲೇ ಇಲ್ಲ.

ಕಾಕಾನಿಗೆ ಅಲಂಕಾರ ಮಾಡುವ ಕೆಲಸ ನನ್ನದು. ತಲೆ ವಾಲಬಾರದೆಂದು ಗದ್ದದ ಕೆಳಗಿಂದ ಬಿಳಿ ಬಟ್ಟೆ ತಂದು ನೆತ್ತಿಯ ಹಿಂದೆ ಬಿಗಿಯಬೇಕಿತ್ತು. ಬಟ್ಟೆ ಹಿಡಿದು ನಿಂತಾಗ ಕಾಕಾ ಹೇಳಿದರು:

"ಜರಾ ತಡಿ ಯವ್ವಾ. ಬಾಯಿ ಕಟ್ಟೂಕಿಂತ ಮೊದಲ ಹೇಳಿಬಿಡ್ತೀನಿ. ಇವತ್ತ ನನ್ನ ತಮ್ಮ ಬರ್ತಾನ."

"ನೀವು ಕರೆದೀರೇನ್ರಿ?"

"ಕರದ್ರ ಬರ್ತಾನೇನು? ಸತ್ತೀನಂತ ಹೇಳಿ ಕಳಿಸೀನಿ."

ನನ್ನ ಕೈ ಅಲ್ಲೇ ನಿಂತಿತು. ಹಾಲಿನ ವ್ಯಾನಿನವನ ಹತ್ತಿರ ಬೆಳಿಗ್ಗೆಯೇ ಸುದ್ದಿ ಕಳಿಸಿದ್ದರು. "ಅವ್ವನ ಮಣ್ಣ ತಪ್ಪೇದ ಅಂವಗ. ನಂದು ತಪ್ಪಿಸಿಕೊಳ್ಳಂಗಿಲ್ಲ. ಬಂದ ಮ್ಯಾಲ ಕಣ್ಣ ತಗದು ಕೈ ಹಿಡೀತೀನಿ. ಸಾಕಾಗೇದ ಯವ್ವಾ, ಮಾತಾಡಬೇಕಾಗೇದ," ಅಂದರು. ಸಣ್ಣ ಮಕ್ಕಳು ಬಚ್ಚಿಟ್ಟುಕೊಳ್ಳುವಾಗ ಇರುವಂಥ ಖುಷಿ ಅವರ ಮುಖದಲ್ಲಿತ್ತು. ಬೇಡ ಕಾಕಾ ಅಂದೆ. ಅವರು ಕೇಳದೆ ಗದ್ದ ಎತ್ತಿ ಕೊಟ್ಟರು, ನಾನು ಬಟ್ಟೆ ಬಿಗಿದೆ. ತಪ್ಪು ನಮ್ಮದೆಂದು ಎದೆ ಬಡಿದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆಟ ಅವರದೇ. ನಾವು ಹೂವು, ಕ್ಯಾಮೆರಾ ಒದಗಿಸಿದವರು, ಅಷ್ಟೇ.

ಬೇಕಾದ ಶಾಟ್‌ಗಳೆಲ್ಲ ಮಧ್ಯಾಹ್ನಕ್ಕೇ ಮುಗಿದವು. ಕಾಕಾ ಏಳಲಿಲ್ಲ. ಕಟ್ಟಿದ ಬಾಯಿಯಲ್ಲೇ ಕೈಸನ್ನೆ ಮಾಡಿ ಇನ್ನೊಮ್ಮೆ ತೆಗೆಯಿರಿ ಅನ್ನುವರು. ಮತ್ತೆ ಹಾಡು ಹಚ್ಚುವುದು, ಮತ್ತೆ ಆ ಬಾಯಿಗಳು. ಬಿಸಿಲಿಗೆ ಚೆಂಡುಹೂವು ಬಾಡಿ ಕರ್ರಗಾದವು. ನೊಣಗಳು ಬಂದು ಅವರ ತುಟಿಯ ಮೇಲೆ ಕೂತವು, ಅವರು ಅಲುಗಲಿಲ್ಲ. ಎಷ್ಟು ಚೆನ್ನಾಗಿ ಸತ್ತಿದ್ದಾರೆ ಎಂದು ಕ್ಯಾಮೆರಾದವನು ನನ್ನ ಕಿವಿಯಲ್ಲಿ ಅಂದ. ಅವನನ್ನು ಅಲ್ಲೇ ಕೊಲ್ಲಬೇಕೆನಿಸಿತು. ಓಣಿಯ ಮುದುಕಿಯೊಬ್ಬಳು ಬಂದು, ಶೂಟಿಂಗ್ ಎಂದು ಗೊತ್ತಿದ್ದೂ, ಕಾಕಾನ ಕಾಲು ಮುಟ್ಟಿ ನಮಸ್ಕರಿಸಿ ಹೋದಳು. ಆಗ ಮಾತ್ರ ಅವರ ಕಾಲ ಬೆರಳು ಸಣ್ಣಗೆ ನಡುಗಿದ್ದನ್ನು ಕಂಡೆ.

ಹೊತ್ತು ಇಳಿಯುವಾಗ ಹೊರಗೆ ಬೈಕ್ ನಿಂತ ಸದ್ದು. ತಮ್ಮ ಬಂದರು. ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲಿ ಒಂದು ಹಾರ. ಮೂಲೆಯಲ್ಲಿ ಓಡುತ್ತಲೇ ಇದ್ದ ಕ್ಯಾಮೆರಾ ಅವರ ಕಣ್ಣಿಗೆ ಬೀಳಲಿಲ್ಲ, ಅಣ್ಣನೊಬ್ಬರೇ ಬಿದ್ದರು. ಯಾರೋ ಸ್ಪೀಕರ್ ಬಂದ್ ಮಾಡಿದರು. ಭಜನೆಯವರು ತೆರೆದ ಬಾಯಿ ತೆರೆದೇ ಇತ್ತು. ಆ ತಮ್ಮ ಅಣ್ಣನ ಕಾಲ ಮೇಲೆ ಬಿದ್ದು ಅತ್ತರು. ಗಂಡಸರು ಹಾಗೆ ಅಳುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಅಣ್ಣಾ, ಅವ್ವನ ಮಣ್ಣ ನನಗ ಸಿಗಲಿಲ್ಲ. ನಿಂದು ಬಿಡಂಗಿಲ್ಲ ನೋಡು, ಬಂದೀನಿ... ಬಂದೀನೋ ಅಣ್ಣಾ."

ಕೊನೆಯ ಶಾಟಿಗೆಂದು ತಂದಿದ್ದ ಹೊಲದ ಮಣ್ಣಿನ ಬುಟ್ಟಿ ಇನ್ನೂ ನನ್ನ ಪಕ್ಕದಲ್ಲೇ ಇತ್ತು. ತಮ್ಮ ಅದರಿಂದ ಒಂದು ಹಿಡಿ ತೆಗೆದು, ಕಣ್ಣಿಗೊತ್ತಿಕೊಂಡು, ಅಣ್ಣನ ಮಡಿಲಿಗೆ ಹಾಕಿದರು. ಕಾಕಾನ ಕಣ್ಣಿಂದ ನೀರು ಇಳಿದು ಕೆನ್ನೆಯ ವಿಭೂತಿಯಲ್ಲಿ ಗೆರೆ ಕೊರೆಯಿತು. ತಮ್ಮ ಆ ಗೆರೆಯನ್ನೇ ನೋಡಿದರು. ಆಗ ಕಾಕಾ ಕಣ್ಣು ತೆರೆದು ಕೈ ಚಾಚಿದರು. ಏನೋ ಹೇಳಲು ಹೋದರು, ಬಾಯಿಗೆ ನಾನು ಕಟ್ಟಿದ ಬಟ್ಟೆ ಇತ್ತು. ಬಂದದ್ದು ಬರೀ ಹೂಂಕಾರ.

ತಮ್ಮ ಕೂತಲ್ಲೇ ಹಿಂದಕ್ಕೆ ಸರಿದರು. ಭಜನೆಯವರನ್ನು ನೋಡಿದರು, ಸ್ಪೀಕರ್ ನೋಡಿದರು, ಕೊನೆಗೆ ಕ್ಯಾಮೆರಾ ನೋಡಿದರು. ಕೂಗುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ಎದ್ದು ಕೈಯ ಮಣ್ಣನ್ನು ಮೆಲ್ಲಗೆ ಒರೆಸಿಕೊಂಡರು.

"ಮಣ್ಣ ಕೊಟ್ಟೀನಿ. ಮುಗೀತು," ಅಂದರು. ಹೊರಟುಹೋದರು.

ಗಂಟು ಬಿಚ್ಚಲು ನನ್ನ ಬೆರಳಿಗೆ ಬೇಗ ಆಗಲಿಲ್ಲ. ಬಿಚ್ಚುವ ಹೊತ್ತಿಗೆ ಬೈಕಿನ ಸದ್ದು ಊರ ಅಗಸಿ ಬಾಗಿಲು ದಾಟಿತ್ತು. ಕಾಕಾ ಮಾತ್ರ ನಗುತ್ತಿದ್ದರು. "ಅತ್ತಾನ, ನೋಡಿದಿಲ್ಲೋ? ಎದ್ಯಾಗ ಇನ್ನಾ ಅದೀನಿ ನಾನು. ನಾಕ ದಿನ ಸಿಟ್ಟ ಇರತದ, ಇಳೀತದ," ಅಂದರು. ಮಡಿಲಿನ ಮಣ್ಣನ್ನು ಕೊಡವದೆ ಹಾಗೇ ಹಿಡಿದು ಕೂತಿದ್ದರು. ಅಳುವವರನ್ನು ನೋಡಿ ಹೆದರಿದ್ದೇನೆ, ಆದರೆ ಆ ನಗುವಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ.

ಕೆಲವು ದಿನ ಬಿಟ್ಟು ತಮ್ಮನನ್ನು ನೋಡಲು ಕಾಕಾ ವಡಗೇರಾ ಬಸ್ ಹತ್ತಿದರು. ಸಂಜೆ ನಾನು ಅಂಗಡಿಗೆ ಹೋದೆ, ಏನಾಯಿತೆಂದು ಕೇಳಲು ಜೀವ ತಡೆಯಲಿಲ್ಲ. ಅವರು ಬಸ್ಸಿನಿಂದ ಇಳಿದೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೇ ದೊಡ್ಡ ಫ್ಲೆಕ್ಸ್ ಕಟ್ಟಿತ್ತಂತೆ, ಅದರಲ್ಲಿ ಅವರದೇ ಫೋಟೋ. ಲಿಂಗೈಕ್ಯರಾದರು ಎಂದು ಬರೆದು, ಕೆಳಗೆ ದುಃಖಿತ ತಮ್ಮನ ಹೆಸರು. ಅಣ್ಣನ ಹೆಸರಿನಲ್ಲಿ ಜಂಗಮರನ್ನು ಕರೆಸಿ ಪೂಜೆ ಮಾಡಿಸಿ, ಓಣಿಗೆಲ್ಲ ಊಟವನ್ನೂ ಹಾಕಿಸಿದ್ದರು ಎಂದು ಕಿಟಕಿಯ ಹೊರಗೆ ಯಾರೋ ಮಾತಾಡಿಕೊಳ್ಳುತ್ತಿದ್ದರಂತೆ. ಕಾಕಾ ಕಿಟಕಿಯಲ್ಲಿ ಕೂತು ತಮ್ಮನ್ನೇ ನೋಡಿಕೊಂಡು, ಅದೇ ಬಸ್ಸಿನಲ್ಲಿ ತಿರುಗಿ ಬಂದಿದ್ದರು.

"ಫೋಟೋ ಚಲೋ ಹಾಕ್ಯಾನ," ಅಂದರು ನನಗೆ. "ನನ್ನ ಮದವ್ಯಾಗ ತಗದದ್ದು. ಇಷ್ಟ ದಿನ ಇಟ್ಕೊಂಡಾನಲ್ಲ."

ಆಮೇಲಿನ ಕಾಕಾ ಬೇರೆಯೇ. ಗಿರಾಕಿಗಳಿಗೆ ಚಲೋದಕ್ಕೋ ಕೆಟ್ಟದ್ದಕ್ಕೋ ಎಂದು ಕೇಳುವುದನ್ನು ಬಿಟ್ಟರು. ವಡಗೇರಾ ಕಡೆಯವರು ಅಂಗಡಿಯಲ್ಲಿ ಅವರನ್ನು ಕಂಡು ಗಕ್ಕನೆ ನಿಲ್ಲುವರು, ಕೆಲವರು ಸಾಮಾನು ಕೊಳ್ಳದೆ ಹೋಗುವರು. ಕಾಕಾ ಅವರನ್ನು ಕರೆಯುತ್ತಿರಲಿಲ್ಲ. ದಿನದಿನಕ್ಕೆ ಸಣ್ಣಗಾದರು, ದನಿ ಇಳಿಯಿತು. ನಮ್ಮ ವಿಡಿಯೋ ಸ್ಪರ್ಧೆಗೆ ಹೋಗಿ ಸೋತಿತು. ಹೆಣ ಉಸಿರಾಡುತ್ತಿದೆ ಎಂದು ತೀರ್ಪುಗಾರರು ನಕ್ಕರಂತೆ. ತಮ್ಮ ಅತ್ತ ಭಾಗವನ್ನು ಹಾಕಿದರೆ ನನ್ನ ದನಿ ತೆಗೆದುಬಿಡು ಎಂದು ಕ್ಯಾಮೆರಾದವನಿಗೆ ಹೇಳಿದ್ದೆ. ಅವನು ಅದನ್ನು ಕತ್ತರಿಸಿ ನನ್ನ ಫೋನಿಗೆ ಕಳಿಸಿದ. ನಾನು ತೆರೆಯಲಿಲ್ಲ, ಅಳಿಸಲೂ ಇಲ್ಲ.

ಮುಂದೊಂದು ಮಳೆಗಾಲದಲ್ಲಿ ಕಾಕಾ ನಿಜವಾಗಿಯೂ ಹೋದರು. ಅವರ ಮಗಳು ಅಳುತ್ತ ಫೋನ್ ಮಾಡಿದಳು. ಚಿಕ್ಕಪ್ಪ ಯಾರು ಹೇಳಿದರೂ ನಂಬುವುದಿಲ್ಲ, ಅವತ್ತು ಅಲ್ಲಿದ್ದ ನೀನೇ ಹೋಗಿ ಹೇಳು ಅಂದಳು. ಜೀಪ್ ಹಿಡಿದು ವಡಗೇರಾಕ್ಕೆ ಹೋದೆ. ಕಾಕಾನ ತಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಈ ಸಲ ಖರೇನೇರಿ, ಆಣೆ ಮಾಡ್ತೀನಿ, ಅಂದೆ. ಅವರು ನನ್ನ ಮುಖ ನೋಡಿ ನಂಬಿದರು, ಅದು ನನಗೆ ಗೊತ್ತಾಯಿತು. ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಅಂವನ ಮಣ್ಣಿಗೆ ನಾ ಹೋಗಿ ಬಂದೀನವ್ವ. ಒಬ್ಬಂವಗ ಎಷ್ಟ ಸಲ ಅಳೂದು?"

ಕಾಕಾನ ಊರಿಗೆ ತಿರುಗಿ ಬಂದರೆ ಅದೇ ಪಡಸಾಲೆ, ಅದೇ ಗೋಡೆ, ಅದೇ ಭಜನೆಯವರು. ಈ ಸಲ ದನಿ ಎತ್ತಿ ಹಾಡುತ್ತಿದ್ದರು. ತಮ್ಮ ಬರುವ ತನಕ ಮುಚ್ಚಬೇಡಿ ಎಂದು ಕಾಕಾ ಮಗಳಿಗೆ ಹೇಳಿಟ್ಟಿದ್ದರು. ಹೊಲದಲ್ಲಿ ಅವರನ್ನು ಕುಣಿಯಲ್ಲಿ ಕೂರಿಸಿ, ಎಲ್ಲರೂ ಮಣ್ಣು ಹಿಡಿದು ದಾರಿ ನೋಡುತ್ತ ನಿಂತೆವು. ಮೋಡ ಕಟ್ಟಿತು, ಗಾಳಿ ಎದ್ದಿತು. ಮುಚ್ಚಿರಿ ಮುಚ್ಚಿರಿ ಎಂದು ಹಿರಿಯರು ಬಯ್ದರು. ಮಗಳು ಬಿಡಲಿಲ್ಲ. ಹೊತ್ತು ಮುಳುಗಿ, ಮೊದಲ ಹನಿ ಕುಣಿಯೊಳಗೆ ಬಿದ್ದ ಮೇಲೆ ಮಣ್ಣು ಎಳೆದೆವು.

ಈ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಕಾಕಾನ ತಮ್ಮ ನನ್ನನ್ನು ಹುಡುಕಿಕೊಂಡು ಸುರಪುರಕ್ಕೆ ಬಂದರು. ಕೋಲು ಹಿಡಿದಿದ್ದರು. ಸ್ಟಾಫ್ ರೂಮಿನಲ್ಲಿ ಕೂತು ನೀರು ಕುಡಿದು, "ಅವತ್ತ ತಗದದ್ದು ನಿನ್ನ ಹಂತೇಕ ಅದಂತಲ್ಲ, ತೋರಸವ್ವ," ಅಂದರು. ನಾನು ಫೋನ್ ಅವರ ಮುಂದೆ ಹಿಡಿದೆ. ತಮ್ಮದೇ ಅಳುವನ್ನು ಅವರು ಕೆನ್ನೆಗೆ ಕೈಯಿಟ್ಟು ನೋಡಿದರು. ಮಣ್ಣು ಮಡಿಲಿಗೆ ಬಿತ್ತು. ಕೆನ್ನೆಯ ಮೇಲೆ ಗೆರೆ ಮೂಡತೊಡಗಿದಾಗ ಥಟ್ಟನೆ ತೆರೆಯ ಮೇಲೆ ಅಂಗೈ ಇಟ್ಟರು.

"ಇಲ್ಲಿಗೇ ನಿಲ್ಲಸವ್ವ. ಮುಂದಿಂದು ಬ್ಯಾಡ."

ನಿಲ್ಲಿಸಿದೆ. ಅವರು ಫೋನನ್ನು ನನ್ನ ಕಡೆ ಸರಿಸಿ ಕೇಳಿದರು, "ನನ್ನ ಸಲುವಾಗಿ ಕಾಯ್ದಿದ್ರಂತ, ಖರೇ ಏನು?"

"ಹೌದ್ರಿ. ಹೊತ್ತ ಮುಳುಗೂತನಕ ಕುಣಿ ತಗದೇ ಇಟ್ಟಿದ್ವಿ."

"ಅವ್ವನ ಮಣ್ಣಿಗೆ ನನ್ನ ಕಾಯಲಿಲ್ಲ ಅಂವ," ಅಂದರು. "ತನ್ನ ಮಣ್ಣಿಗೆ ಕಾದ್ನಲ್ಲ."

ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ. ಕಾಕಾ ಬದುಕಿದ್ದರೆ ಅವತ್ತೇ ಓಡಿ ಹೋಗಿ ಹೇಳುತ್ತಿದ್ದೆ, ನಿಮ್ಮ ತಮ್ಮ ನಿಮ್ಮ ಮಾತೆತ್ತಿದರು ಕಾಕಾ, ಎಂದು. ಹೇಳಲು ಅವರಿಲ್ಲ.