ಕೆಂಚಿಯ ಕೊರಳಿನ ಜಿಪಿಎಸ್

ನಮ್ಮಪ್ಪ ಯರ್ರಪ್ಪನಿಗೆ ಒಂದು ಕೆಲಸ ಹೇಳಿ, ಅದು ಹೇಳಿದ ಹಾಗೆ ಆದದ್ದನ್ನು ಈ ಮೂವತ್ತೆರಡು ವರ್ಷದಲ್ಲಿ ನಾನು ಕಂಡಿಲ್ಲ. ರೇಷನ್ ಅಂಗಡಿಯಲ್ಲಿ ಬಲಗೈ ಹೆಬ್ಬೆಟ್ಟು ಒತ್ತು ಅಂದರೆ ಎಡಗೈ ಚಾಚುತ್ತಾನೆ. ಬಲಗೈಯಲ್ಲಿ ಕೋಲು ಇರುತ್ತದಂತೆ. ಕೋಲು ಕೆಳಗಿಡಬಾರದಾ ಅಂದರೆ, ಯಾಕಿಡಬೇಕು ಅಂತ ನನ್ನನ್ನೇ ಕೇಳುತ್ತಾನೆ. ಕುರಿ ಕಾಯುವುದು ಬಿಟ್ಟು ಬೇರೆ ಕಸುಬು ಆತನಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನಾನೋ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವಳು. ಏಳೂವರೆಯ ಆಟೋ ತಪ್ಪಿದರೆ ಸೂಪರ್‌ವೈಸರ್ ಗೇಟಿನಿಂದಲೇ ವಾಪಸ್ ಕಳಿಸುತ್ತಾನೆ. ಆತನ ಹೊತ್ತಿಗೂ ನನ್ನ ಹೊತ್ತಿಗೂ ಎಂದೂ ತಾಳೆಯಾದದ್ದಿಲ್ಲ.

ಮೂರು ವರ್ಷದ ಹಿಂದೆ ನಮ್ಮೂರ ಗುಡ್ಡಕ್ಕೆ ಕರೆಂಟು ಮಾಡುವ ಗಾಳಿ ಫ್ಯಾನಿನ ಕಂಪನಿ ಬಂತು. ಗುಡ್ಡದ ಸುತ್ತ ಮುಳ್ಳುತಂತಿ ಹಾಕುತ್ತೇವೆ, ಹಳೆಯ ದಾರಿ ಇರುವವರು ತೋರಿಸಿದರೆ ಅಲ್ಲಿ ಗೇಟು ಬಿಡುತ್ತೇವೆ ಅಂದರು. ಗುಡ್ಡದ ಮೇಲೆ ಬಂಡೆಗಳ ನಡುವೆ ಒಂದು ದೊಣೆ ಇದೆ. ಊರ ಕೆರೆ ಒಣಗಿದ ಮೇಲೂ ಅದರಲ್ಲಿ ನೀರು ನಿಂತಿರುತ್ತದೆ. ಬೇಸಿಗೆಯಲ್ಲಿ ಅಪ್ಪನ ಎಪ್ಪತ್ತು ಕುರಿ ಬದುಕುವುದೇ ಆ ನೀರಿನಿಂದ. ದಾರಿ ಮುಚ್ಚಿದರೆ ಮಂದೆ ಮಾರುವುದೊಂದೇ ಉಳಿಯುತ್ತಿತ್ತು.

ಸರ್ವೆಗೆ ಬಂದ ಲೋಕನಾಥ್ ಅಂಗೈಯಗಲದ ಜಿಪಿಎಸ್ ಒಂದನ್ನು ಅಪ್ಪನಿಗೆ ಕೊಟ್ಟ. ದಿನಾ ಹೋಗುವ ದಾರಿಯಲ್ಲಿ ಇದರ ಜೊತೆ ದೊಣೆಯವರೆಗೆ ಹೋಗಿ ಬಾ, ನಡೆದದ್ದೆಲ್ಲ ತಾನಾಗಿ ನಕ್ಷೆಯಲ್ಲಿ ಗೆರೆಯಾಗಿ ಬೀಳುತ್ತದೆ ಅಂದ. ಇಷ್ಟೇ ಕೆಲಸ. ಸಂಜೆ ಅದನ್ನು ಲ್ಯಾಪ್‌ಟಾಪಿಗೆ ಹಚ್ಚಿದಾಗ ನಾನೂ ಅಲ್ಲಿದ್ದೆ. ಗೆರೆ ಎಲ್ಲಿಂದ ಬರಬೇಕು? ಬಾಬಿನ್ ಕೆಳಗೆ ದಾರ ಸಿಕ್ಕಿಕೊಂಡ ಹಾಗೆ ಬರೀ ಗೋಜಲು.

“ಏಮಮ್ಮಾ, ಇದೇನು ದಾರಿಯಾ? ನಿಮ್ಮಪ್ಪ ಕುಡಿದಿದ್ದನಾ?” ಅಂತ ಲೋಕನಾಥ್ ನಕ್ಕ.

ನಾನು ಅಪ್ಪನ ಕಡೆ ತಿರುಗಿದೆ. “ಯಪ್ಪಾ, ಇದನ್ನ ಎಲ್ಲಿಟ್ಕಂಡಿದ್ದಿ?”

“ಕೆಂಚಿ ಕೊರಳಾಗ ಕಟ್ಟಿದ್ದೆ.”

ಕೆಂಚಿ ಅಂದರೆ ಮಂದೆಯ ಮುಂದೆ ನಡೆಯುವ ಕೆಂಪು ಕುರಿ.

“ಕುರಿ ಕೊರಳಿಗ್ಯಾಕ ಕಟ್ಟಿದಿ? ನಿನಗ ಕೈ ಇದ್ದಿಲ್ಲೇನು?”

“ದಾರಿ ಯಾರ್ದವ್ವಾ? ಕುರೀದು. ಹೋಗಾಕಿ ಆಕಿ. ನಾ ಆಕಿ ಹಿಂದ ಹೊಂಟಿರ್ತೀನಿ, ಅಷ್ಟ.”

ನಾನು ಹಣೆ ಚಚ್ಚಿಕೊಂಡೆ. ಪರರ ಎದುರು ಮಾನ ಹೋಯಿತಲ್ಲ ಅಂತ ಮೈಯೆಲ್ಲ ಉರಿಯಿತು. “ಇದನ್ನ ಅಳಿಸಿಬಿಡ್ರಿ ಸಾರ್, ನಾಳೆ ನಾನ ಹೋಗ್ತೀನಿ” ಅಂದೆ. ಆತ ಗುಂಡಿ ತೋರಿಸಿದ. ಒತ್ತಿದ್ದು ನಾನೇ.

ಮರುದಿನ ಬೆಳಕು ಹರಿಯುತ್ತಲೇ ಜಿಪಿಎಸ್ ಹಿಡಿದು ಒಬ್ಬಳೇ ಹತ್ತಿದೆ. ಆಟೋ ಬರುವುದರೊಳಗೆ ಇಳಿಯಬೇಕಿತ್ತು. ಚಿಕ್ಕವಳಿದ್ದಾಗ ಬಂಡೆಯ ಮೇಲಿನ ಹೆಜ್ಜೆಗುಳಿಗಳಲ್ಲಿ ಕಾಲಿಟ್ಟು ನೇರ ಹತ್ತುತ್ತಿದ್ದೆವು, ಹಾಗೇ ಹತ್ತಿದೆ. ನಕ್ಷೆಯಲ್ಲಿ ಸ್ಕೇಲಿಟ್ಟು ಎಳೆದಂಥ ಗೆರೆ ಬಂತು. ಲೋಕನಾಥ್ ಶಭಾಷ್ ಅಂದ, ನಾನು ಉಬ್ಬಿಹೋದೆ. ಅಪ್ಪ ಮಾತ್ರ ಪರದೆಯನ್ನು ಬಗ್ಗಿ ನೋಡಿ, “ಇದು ಕುರಿ ದಾರಿ ಅಲ್ಲ ಮಂಜೀ” ಅಂದ.

“ದೊಣಿ ಮುಟ್ಟೈತೋ ಇಲ್ಲೋ? ಸುಮ್ನ ನಕ್ಷೆ ಕಾಗದಕ್ಕ ಹೆಬ್ಬೆಟ್ಟು ಒತ್ತು.”

ಒತ್ತಿದ, ಎಡಗೈಯದು.

ಬೇಸಿಗೆಯ ಹೊತ್ತಿಗೆ ತಂತಿ ಎದ್ದಿತು, ನನ್ನ ಗೆರೆಯ ಮೇಲೆ ಗೇಟೂ ಬಂತು. ಗೇಟು ದಾಟಿ ನಲವತ್ತು ಹೆಜ್ಜೆಗೆ ಬೋಳು ಬಂಡೆ. ಕೆಂಚಿ ಬಂಡೆಯ ಬುಡಕ್ಕೆ ಹೋಗಿ ನಿಂತಳು, ಮೇಲೆ ನೋಡಿದಳು, ತಿರುಗಿ ಬಂದಳು. ಹಿಂದೆ ಮಂದೆಯೆಲ್ಲ ತಿರುಗಿತು. ಗೇಟು ಸರಿಸಿ ಅಂತ ಲೋಕನಾಥನನ್ನು ಕೇಳಿದರೆ, “ಹಳೇ ದಾರಿಯ ಗೆರೆ ತೋರಿಸಮ್ಮಾ, ಸರಿಸೋಣ” ಅಂದ. ಯಾವ ಗೆರೆ ತೋರಿಸಲಿ? ಮತ್ತೆ ನಡೆದು ತೋರಿಸೋಣವೆಂದರೆ ಆ ದಾರಿಗೆ ತಂತಿ ಅಡ್ಡ.

ಎಂಟು ದಿನ ಬೋರಿನಿಂದ ಕೊಡಗಳಲ್ಲಿ ನೀರು ಹೊತ್ತೆವು. ಎಪ್ಪತ್ತು ಕುರಿಗೆ ಕೊಡದ ನೀರು ಎಲ್ಲಿ ಸಾಲುತ್ತದೆ? ಎರಡು ಮರಿ ಸತ್ತವು. ಅಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬೈಯದೇ ಇದ್ದದ್ದಕ್ಕೂ ಆತನ ಮೇಲೇ ಸಿಟ್ಟು ಬಂತು.

ಒಂಬತ್ತನೆಯ ದಿನ ಮಿಷನ್ ಮೇಲಿದ್ದೆ, ಲೋಕನಾಥನ ಫೋನು ಬಂತು. “ನಿಮ್ಮಪ್ಪ ಕುರಿ ಹಿಡಕೊಂಡು ಆಫೀಸೊಳಗೆ ಕೂತಿದ್ದಾನೆ, ಏಳ್ತಿಲ್ಲ.” ಅರ್ಧ ದಿನ ರಜೆ ಹಾಕಿ ಓಡಿದೆ. ಕಂಪನಿಯ ತಗಡಿನ ಶೆಡ್ಡಿನಲ್ಲಿ ಇಂಜಿನಿಯರ ಮೇಜಿನ ಮುಂದೆ ಅಪ್ಪ, ಪಕ್ಕದಲ್ಲಿ ಕೆಂಚಿ. ನೆಲದ ತುಂಬಾ ಹಿಕ್ಕೆ.

“ದಾರಿ ಮಿಷನ್ನಿನಾಗ ಇಲ್ಲಂತಾರ. ಈಕಿಗೆ ನೆನಪೈತ್ರಿ” ಅನ್ನುತ್ತಿದ್ದ. “ಒಂದಿನ ತಂತಿ ಬಿಚ್ರಿ. ಈಕಿ ಎಲ್ಲಿ ಹೋಗ್ತಾಳೋ ಅದನ್ನ ಬರ್ಕೋರ್ರಿ. ಅಲ್ಲೀತನಕ ನಾ ಏಳಾಂಗಿಲ್ಲ.”

ಮೊದಲು ನಕ್ಕರು, ಆಮೇಲೆ ಗದರಿಸಿದರು. ಕೊನೆಗೆ ಆ ವಾಸನೆ ತಾಳಲಾರದೆಯೋ ಏನೋ, ಭಾನುವಾರ ಬೆಳಿಗ್ಗೆ ನಾಲ್ಕು ಕಂಬದ ತಂತಿ ಬಿಚ್ಚಲು ಇಂಜಿನಿಯರು ಒಪ್ಪಿದರು.

ನಾನು ಜೀನ್ಸಿನ ತುಂಡಿನಿಂದ ಪಟ್ಟಿ ಹೊಲಿದು, ಎರಡೆರಡು ಹೊಲಿಗೆ ಹಾಕಿ, ನನ್ನ ಕೈಯಾರೆ ಜಿಪಿಎಸ್ಸನ್ನು ಕೆಂಚಿಯ ಕೊರಳಿಗೆ ಕಟ್ಟಿದೆ. “ಗೋಜಲಾಗೇ ಬರ್ತೈತಿ. ನಗಬ್ಯಾಡ್ರಿ, ಅಳಿಸಬ್ಯಾಡ್ರಿ” ಅಂತ ಲೋಕನಾಥನಿಗೆ ಹೇಳಿದೆ. ತಂತಿ ಬಿಚ್ಚಿದರು. ಕೆಂಚಿ ಒಳಗೆ ಹೋಗಿ ಎಡಕ್ಕೆ ತಿರುಗಿದಳು, ಪೊದೆಯೊಂದನ್ನು ಮೂಸಿದಳು, ನಾಲ್ಕು ಎಲೆ ತಿಂದಳು, ವಾಪಸ್ ಬಂದು ಬಲಕ್ಕೆ ಹೊರಟಳು, ಮತ್ತೆ ನಿಂತಳು. ಬಿಸಿಲು ಏರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಹ್ಞೂಂ ನಡಿ ಅಂತ ಆಕೆಯ ಮುಂದಕ್ಕೆ ಹೆಜ್ಜೆ ಹಾಕಿದೆ.

“ಮಂಜೀ,” ಅಪ್ಪ ಮೆಲ್ಲಗೆ ಕರೆದ. “ಮುಂದ ನಡೀಬ್ಯಾಡ. ಹಿಂದ ಬಾ.”

ನಾನು ಹಿಂದೆ ಬಂದು ನಿಂತೆ.