ತಂಗೆವ್ವ ಜೋಡಿಸಿದ ಸೀರೆ

ತಂಗೆವ್ವ ನಮ್ಮ ಮನೆ ಕೆಲಸಕ್ಕೆ ಸೇರಿದ್ದು ೧೯೯೫ರ ಕೊನೆಯಲ್ಲಿ. ಗದಗದ ಹತ್ತಿರ, ರೋಣದ ಕಡೆಯವರು. ಗಂಡ ದುಂಡಪ್ಪ ಬಿಟಿಎಂ ಲೇಔಟಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಇಬ್ಬರೂ ತಿಲಕ್ ನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು. ಅಲ್ಲಿಂದ ಜಯನಗರದ ನಮ್ಮ ಮನೆಗೆ ತಂಗೆವ್ವ ನಡೆದೇ ಬರುತ್ತಿದ್ದರು. ಈಗ 'ಬರುತ್ತಿದ್ದರು' ಎಂದು ಬರೆಯುತ್ತಿದ್ದೇನೆ. ಆಗ ನಾನು ಮಾತಾಡುತ್ತಿದ್ದದ್ದು ಏಕವಚನದಲ್ಲೇ. ಅವರು ನನಗಿಂತ ಎರಡು ವರ್ಷ ದೊಡ್ಡವರೆಂದು ಗೊತ್ತಾದದ್ದು ಎಷ್ಟೋ ಆಮೇಲೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನಮ್ಮವರು, ಚಕ್ರಪಾಣಿ, ಬೆನ್ನುನೋವಿನ ಕಾರಣಕ್ಕೆ ಬೇಗ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದರು. ಒಂದು ಭಾನುವಾರ ಗೇಟಿನ ಹತ್ತಿರ ಪಾತ್ರೆಯವನು ಬುಟ್ಟಿ ಇಳಿಸಿದ. ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವವನು. ನಾನು ಅಟ್ಟದಿಂದ ನನ್ನ ಹಳೆಯ ಹತ್ತಿ ಸೀರೆಗಳನ್ನು ಇಳಿಸಿ ಒಂದು ದೊಡ್ಡ ಡಬ್ಬಿಗಾಗಿ ಚೌಕಾಸಿ ಮಾಡುತ್ತಿದ್ದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ತಂಗೆವ್ವ ಹೊರಗೆ ಬಂದರು. ಒಂದು ಸೀರೆಯನ್ನು ಬೆರಳಲ್ಲಿ ಹಿಡಿದು ನೋಡಿದರು.

"ಅಕ್ಕಾರ, ಇವನ್ನ ಅವಂಗ ಕೊಡಬ್ಯಾಡ್ರಿ. ನನಗ ಕೊಡ್ರಿ. ಕೌದಿ ಹೊಲದ ಕೊಡ್ತೀನಿ."

"ಕೌದಿ ಅಂದ್ರೆ ಏನು?"

"ಹಾಸಾಕ, ಹೊದಿಯಾಕ ರಿ. ನಮ್ಮವ್ವ ಕಲಿಸಿದ್ಲು. ಊರಾಗ ಭಾಳ ಹೊಲದೇನಿ. ಇಲ್ಲಿಗೆ ಬಂದ ಮ್ಯಾಲೆ ಸೂಜೀನ ಹಿಡದಿಲ್ಲ."

ಅವರು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಪಾತ್ರೆಯವನು ಗೊಣಗುತ್ತಾ ಬುಟ್ಟಿ ಎತ್ತಿಕೊಂಡು ಹೋದ.

ಮಾರನೆಯ ದಿನದಿಂದ ಕೆಲಸ ಮುಗಿದ ಮೇಲೆ ತಂಗೆವ್ವ ಹಿತ್ತಿಲಿನ ಬಿಸಿಲಲ್ಲಿ ಕೂರತೊಡಗಿದರು. ಗಟ್ಟಿಯಿದ್ದ ಎರಡು ಸೀರೆಗಳನ್ನು ತಳಕ್ಕೆ ಹಾಸಿ, ಉಳಿದವುಗಳನ್ನು ಗೇಣುದ್ದದ ಚೌಕಗಳಾಗಿ ಕತ್ತರಿಸಿ ಮೇಲೆ ಜೋಡಿಸುತ್ತಿದ್ದರು. ಅಂಚಿನಿಂದ ಹೊಲಿಗೆ ಶುರು ಮಾಡಿ, ಸುತ್ತು ಸುತ್ತಾಗಿ ಒಳಕ್ಕೆ ಬಂದು, ಕೊನೆಗೆ ನಟ್ಟನಡುವೆ ಮುಗಿಸುವುದು. ಒಂದೊಂದು ಸುತ್ತಿಗೂ ಎಷ್ಟೋ ದಾರ ಬೇಕು. ನಮ್ಮವರು ಬೆಳಗಿನ ಪೇಪರ್ ಓದಿದ ಮೇಲೆ ಇಪ್ಪತ್ತು ಸೂಜಿಗಳಿಗೆ ದಾರ ಪೋಣಿಸಿ ಒಂದು ದಿಂಬಿಗೆ ಚುಚ್ಚಿಡುವುದನ್ನು ತಮ್ಮ ಕೆಲಸವಾಗಿ ಮಾಡಿಕೊಂಡರು. ಎರಡು ತಿಂಗಳಲ್ಲಿ ಮೊದಲ ಕೌದಿ ಮುಗಿಯಿತು. ಅದನ್ನು ಹಾಸಿಕೊಂಡು ಮಲಗಿದ ನಮ್ಮವರು, ಬೆನ್ನಿಗೆ ಹಿತವಾಗಿದೆ ಎಂದು ಮತ್ತೆ ಹಾಸಿಗೆ ಬದಲಿಸಲು ಒಪ್ಪಲಿಲ್ಲ.

ಮರುವರ್ಷ ಗೌರಿ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಣ್ಣ ಮಾಡಿಸಿದೆವು. ಬೀರು ಖಾಲಿ ಮಾಡುವಾಗ ಇನ್ನೊಂದು ಗಂಟು ಸೀರೆ ಕಟ್ಟಿ ತಂಗೆವ್ವನಿಗೆ ಕೊಟ್ಟು ನಾನು ಸ್ಕೂಲಿಗೆ ಹೋದೆ.

ಸಂಜೆ ಬಂದಾಗ ಅವರು ಹಿತ್ತಿಲಲ್ಲಿ ಕತ್ತರಿ ಹಿಡಿದು ಕೂತಿದ್ದರು. ಮುಂದೆ ಹಸಿರು ಚೌಕಳಿಯ ತುಂಡುಗಳ ರಾಶಿ. ಅದು ನಮ್ಮಮ್ಮ ಕಾತ್ಯಾಯಿನಿಯ ಸೀರೆ. ಅಮ್ಮ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಚನ್ನಪಟ್ಟಣದ ತವರು ಮನೆಯಿಂದ ನಾನು ತಂದಿದ್ದು ಅದೊಂದನ್ನೇ. ಒಗೆದರೆ ಅಮ್ಮನ ವಾಸನೆ ಹೋದೀತೆಂದು ಒಗೆಯದೆ ಬೀರುವಿನ ಮೂಲೆಯಲ್ಲಿಟ್ಟಿದ್ದೆ.

"ಯಾರು ಕೊಟ್ಟಿದ್ದು ನಿನಗೆ ಇದನ್ನ?"

"ನೀವ ಕೊಟ್ಟ ಗಂಟಿನಾಗ ಇತ್ರಿ, ಅಕ್ಕಾರ."

"ಸುಳ್ಳು ಹೇಳ್ಬೇಡ! ಬೀರು ಒಳಗೆ ಒಗೀದೆ ಇಟ್ಟಿದ್ದ ನಮ್ಮಮ್ಮನ ಸೀರೆ ಅದು. ಎದ್ದು ಹೋಗು ಇಲ್ಲಿಂದ. ನಾಳೆಯಿಂದ ಬರ್ಬೇಡ."

ಪಕ್ಕದ ಮನೆಯ ಗೌರಮ್ಮನವರು ಕಾಂಪೌಂಡಿನಾಚೆಯಿಂದ ಇಣುಕಿದ್ದು ಕಂಡಿತು. ನಾನು ನಿಲ್ಲಿಸಲಿಲ್ಲ. ಇನ್ನೂ ಏನೇನೋ ಅಂದೆ. ತಂಗೆವ್ವ ತುಂಡುಗಳನ್ನೆಲ್ಲ ಒಂದೂ ಬಿಡದೆ ಆಯ್ದು ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು.

"ಇವನ್ನ ನಾ ಒಯ್ತೀನ್ರಿ," ಎಂದಷ್ಟೇ ಹೇಳಿ ಹೊರಟುಹೋದರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಮೆಲ್ಲಗೆ, "ಗಂಟು ಕಟ್ಟಿದ್ದು ನೀನೇ ಅಲ್ವಾ, ವಿಮಲಾ?" ಎಂದರು. ಕಟ್ಟಿದ್ದು ನಾನೇ. ಪೇಂಟಿನವರು ಬಾಗಿಲಲ್ಲಿ ನಿಂತಿದ್ದರೆಂಬ ಅವಸರದಲ್ಲಿ ನೋಡದೆ ತುರುಕಿದ್ದೆ. ಕೂಗಾಡುತ್ತಿದ್ದಾಗಲೇ ಅದು ನನಗೆ ಗೊತ್ತಿತ್ತು.

ಅದಾದ ಎರಡನೆಯ ಭಾನುವಾರ ಕ್ಷಮೆ ಕೇಳೋಣವೆಂದು ತಿಲಕ್ ನಗರದವರೆಗೆ ಹೋದೆ. ಅವರ ಬೀದಿಯ ತಿರುವಿನಲ್ಲಿ ಹತ್ತು ನಿಮಿಷ ನಿಂತು, ಏನು ಹೇಳುವುದೋ ತಿಳಿಯದೆ, ಒಂದು ಕಟ್ಟು ಸೊಪ್ಪು ಕೊಂಡುಕೊಂಡು ವಾಪಸು ಬಂದೆ. ನಮ್ಮವರು ಸೊಪ್ಪು ನೋಡಿದರು, ನನ್ನ ಮುಖ ನೋಡಿದರು, ಸೊಪ್ಪು ಬಿಡಿಸಲು ಕೂತರು.

ದೀಪಾವಳಿ ಕಳೆದು ಒಂದು ವಾರಕ್ಕೆ ತಂಗೆವ್ವ ಬಂದರು. ಹಿಂದೆ ದುಂಡಪ್ಪ, ಹೆಗಲ ಮೇಲೆ ಒಂದು ಸುರುಳಿ ಹೊತ್ತು. ಒಳಗೆ ಬಂದು ಹಾಲಿನಲ್ಲಿ ಹಾಸಿದರು.

ಅಮ್ಮನ ಸೀರೆ ನೆಲದ ಮೇಲಿತ್ತು.

ತುಂಡುಗಳನ್ನು ತಂಗೆವ್ವ ಹೇಗೆಂದರೆ ಹಾಗೆ ಸೇರಿಸಿರಲಿಲ್ಲ. ಕತ್ತರಿಸುವ ಮೊದಲು ಸೀರೆಯಲ್ಲಿ ಎಲ್ಲಿತ್ತೋ ಪ್ರತಿ ತುಂಡನ್ನೂ ಅಲ್ಲೇ ಇಟ್ಟಿದ್ದರು. ನಾನು ಅಭ್ಯಾಸಬಲದಿಂದ ಎಣಿಸಿದೆ: ಅಗಲಕ್ಕೆ ಐದು, ಉದ್ದಕ್ಕೆ ಹನ್ನೆರಡು. ತಿರುಗಿಸಿದರೆ ಹಿಂಬದಿಯಲ್ಲೂ ಅಷ್ಟೇ, ಸೀರೆಯ ಇನ್ನರ್ಧ. ಒಟ್ಟು ನೂರ ಇಪ್ಪತ್ತು. ಸೆರಗು ಸೆರಗಿನ ಜಾಗದಲ್ಲಿ, ಸಾಸಿವೆ ಬಣ್ಣದ ಅಂಚು ಅಂಚಿನ ಜಾಗದಲ್ಲಿ.

"ಹೇಗೆ ಗೊತ್ತಾಯ್ತು ಯಾವುದು ಎಲ್ಲಿ ಅಂತ?" ಎಂದು ನಮ್ಮವರು ಕೇಳಿದರು.

"ಚೌಕಳಿ ಗೆರಿ ಕೂಡಬೇಕಲ್ರಿ. ಕೂಡಲಿಲ್ಲಂದ್ರ ಅದು ಆ ಜಾಗದ್ದಲ್ಲ. ನಿರಿಗಿ ಇದ್ದಲ್ಲಿ ಬಣ್ಣ ತೆಳುವಾಗೈತಿ, ಒಲಿ ಮುಂದ ಕುಂತಾಗ ಕಿಡಿ ಸಿಡಿದ ತೂತು ಅದಾವು. ನೋಡ್ಕೋತ ಕುಂತ್ರ ತಿಳೀತೈತ್ರಿ."

"ನೆಲದ ಮ್ಯಾಲೆಲ್ಲಾ ಇವ ಹರವಿದ್ವು, ಸಾಹೇಬ್ರ," ಎಂದರು ದುಂಡಪ್ಪ. "ಹದಿನೈದು ದಿನ ಕಾಲಿಡಾಕ ಜಾಗಾ ಇರಲಿಲ್ಲ."

ತಂಗೆವ್ವ ನನ್ನ ಕೈ ಹಿಡಿದು ಒಂದು ಚೌಕದ ಮೇಲಿಟ್ಟರು. ಸೊಂಟದ ಹತ್ತಿರ ಬರುವ ಭಾಗ. ಅಮ್ಮ ಬೀಗದ ಕೈ ಸಿಕ್ಕಿಸಿಕೊಳ್ಳುತ್ತಿದ್ದ ಕಡೆ ಹರಿದು, ಅವಳೇ ಹಾಕಿಕೊಂಡಿದ್ದ ಹೊಲಿಗೆ ಅಲ್ಲಿತ್ತು. ಇಷ್ಟು ದಿನ ಸೀರೆ ಇಟ್ಟುಕೊಂಡಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

"ಇದು ನಿಮ್ಮ ಅವ್ವಾರ ಕೈ ಹೊಲಿಗಿ ಐತ್ರಿ. ಇದರ ಮ್ಯಾಲೆ ನನ್ನ ಸೂಜಿ ಹಾಕಿಲ್ಲ. ಸುತ್ತ ಬಳಸಿ ಹೋಗೇನಿ. ತೊಳದೂ ಇಲ್ರಿ, ಹಂಗ ಹೊಲದೇನಿ."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅತ್ತು ಮುಗಿದ ಮೇಲೆ, "ಗಂಟು ಕಟ್ಟಿದ್ದು ನಾನೇ, ತಂಗೆವ್ವ. ಗೊತ್ತಿದ್ದೂ ನಿಮ್ಮನ್ನ ಬೈದೆ. ತಪ್ಪಾಯ್ತು," ಎಂದೆ. 'ನಿಮ್ಮನ್ನ' ಎಂಬುದು ತಾನಾಗಿ ಬಂತು. ಆಮೇಲೆ ಅದು ಬದಲಾಗಲಿಲ್ಲ. ಅವತ್ತು ಅವರಿಬ್ಬರೂ ನಮ್ಮಲ್ಲೇ ಊಟ ಮಾಡಿದರು. ಬೈಗುಳ ಕೇಳಿಸಿಕೊಂಡಿದ್ದ ಗೌರಮ್ಮನವರನ್ನೂ ನಾನೇ ಹೋಗಿ ಕರೆತಂದೆ. ಕೇಳಿದವರ ಎದುರೇ ತಪ್ಪು ಒಪ್ಪಿಕೊಳ್ಳಬೇಕಲ್ಲ.

ಆ ಗೌರಮ್ಮನವರೇ ಮರುವಾರ ತಮ್ಮ ಅತ್ತೆಯ ಸೀರೆಗಳನ್ನು ಹಿಡಿದು ಬಂದರು. ಅವರಿಂದ ಅವರ ತಂಗಿ, ತಂಗಿಯಿಂದ ಬನಶಂಕರಿಯ ಭಜನಾ ಮಂಡಳಿಯವರು. ಸತ್ತವರ ಸೀರೆಯನ್ನು ಏನು ಮಾಡುವುದೆಂದು ತಿಳಿಯದೆ ಎಷ್ಟು ಮನೆಗಳು ಕೂತಿದ್ದವೋ! ೧೯೯೯ರಲ್ಲಿ ತಂಗೆವ್ವ ಮನೆಕೆಲಸ ಬಿಟ್ಟು ಪೂರ್ತಿ ಹೊಲಿಗೆಗೇ ಕೂತರು. ಅವರ ಬೀದಿಯ ದಾನಮ್ಮ ಮೊದಲು ಜೊತೆಯಾದರು. ವಿಜಾಪುರದ ಕಡೆಯಿಂದ ಬಂದ ಅವರಿಗೂ ಕೌದಿ ಗೊತ್ತಿತ್ತು. ಬೆಂಗಳೂರಿನಲ್ಲಿ ಅದನ್ನು ಯಾರು ಕೇಳುತ್ತಾರೆಂದು ಸುಮ್ಮನಿದ್ದರು. ಈಗ ಒಂಬತ್ತು ಜನ ಇದ್ದಾರೆ, ಸುಬ್ರಹ್ಮಣ್ಯಪುರದಲ್ಲಿ ಸ್ವಂತದ್ದೊಂದು ಹೊಲಿಗೆ ಮನೆ ಇದೆ. ಕೌದಿ ಗೊತ್ತಿಲ್ಲದ ಇಲ್ಲಿನ ಹುಡುಗಿಯರೂ ಬಂದು ಕಲಿಯುತ್ತಾರೆ.

೨೦೦೬ರಲ್ಲಿ ನಾನು ನಿವೃತ್ತಳಾದೆ. ಅಂದಿನಿಂದ ಮಂಗಳವಾರಗಳಲ್ಲಿ ನಾನೂ ಅಲ್ಲಿಗೆ ಹೋಗಿ ಕೂರುತ್ತೇನೆ. ಗಣಿತದ ಟೀಚರ್ ಆದರೂ ನನ್ನ ಹೊಲಿಗೆಯ ಸಾಲು ನೆಟ್ಟಗೆ ಬರುವುದಿಲ್ಲ. ಒಂದು ಮಂಗಳವಾರ ಇಬ್ಬರೂ ಒಂದೇ ಕೌದಿಯ ಎರಡು ತುದಿಯಲ್ಲಿ ಕೂತಿದ್ದಾಗ, "ನಿಮಗೆ ನಾನು ಸರಿಯಾಗಿ ಥ್ಯಾಂಕ್ಸ್ ಹೇಳೇ ಇಲ್ಲ," ಎಂದೆ.

ಅವರು ತಲೆಯೆತ್ತದೆ ಹೇಳಿದರು: "ನಾನೂ ಹೇಳಿಲ್ರಿ. ಅವ್ವ ಕೊಟ್ಟ ಕೆಲಸ ಊರಾಗ ಬಿಟ್ಟ ಬಂದೆ ಅನ್ಕೊಂಡಿದ್ದೆ. ನಿಮ್ಮ ಮನಿ ಹಿತ್ತಲದಾಗ ಅದು ತಿರುಗಿ ಸಿಕ್ತು. ಅದಕ್ಕ ಏನಂತ ಹೇಳ್ಲಿ?" ಆಮೇಲೆ ನನ್ನ ತುದಿಯತ್ತ ಬಗ್ಗಿ ನೋಡಿದರು. "ಆ ಕಡೀ ಸಾಲು ಬಿಚ್ರಿ, ಅಕ್ಕಾರ. ಭಾಳ ಸೊಟ್ಟ ಆಗೇತಿ."

ನಾನು ನಗುತ್ತಾ ಬಿಚ್ಚಿದೆ.